ವರ್ಣಭೇದದ ವಿರುದ್ಧ ಬೀದಿಗಿಳಿಯುವ ಮುನ್ನ: ಜೊತೆಗಾರರು, ಸಾಮಗ್ರಿ, ಹಣ ಹೊಂದಿಸುವುದು ಹೇಗೆ?

ಊರಿನಲ್ಲಿ ಯಾರಿಗೋ ಮೈಬಣ್ಣದ ಕಾರಣಕ್ಕೆ ಕೆಲಸ ಸಿಕ್ಕಿಲ್ಲ. ಇನ್ಯಾರಿಗೋ ಬಾಡಿಗೆ ಮನೆ ಸಿಕ್ಕಿಲ್ಲ. ಅಥವಾ ನಡುಬೀದಿಯಲ್ಲೇ ಹಲ್ಲೆಯಾಗಿದೆ. ಇದನ್ನೆಲ್ಲ ನೋಡಿಕೊಂಡು ಸುಮ್ನೆ ಕೂರಬಾರದು ಅಂತ ನಾಲ್ಕೈದು ಜನರಿಗೆ ಅನ್ನಿಸುತ್ತದೆ. ಆಗ ಸಾಮಾನ್ಯವಾಗಿ ಮೊದಲು ಆಗುವ ಕೆಲಸ ಏನು? ಒಂದು ಪೋಸ್ಟರ್ ತಯಾರಾಗುತ್ತದೆ. ದಿನಾಂಕ ಹಾಕಿ ಫೋನಿನಿಂದ ಫೋನಿಗೆ ಹರಿಬಿಡುತ್ತಾರೆ. ಆ ದಿನ ಬಂದಾಗ ನಿಂತಿರುವುದು ಅದೇ ನಾಲ್ಕೈದು ಜನ, ಜೊತೆಗೆ ಅವರ ಕೆಲವು ಸ್ನೇಹಿತರು.

ಪೋಸ್ಟರ್ ಬೇಕು, ಆದರೆ ಅದರ ಸರದಿ ಆಮೇಲೆ. ಪ್ರತಿಭಟನೆಗೆ ಜನ ಬರುವುದು ಬಹುಪಾಲು ಅವರು ಈಗಾಗಲೇ ಸೇರಿಕೊಂಡಿರುವ ಗುಂಪಿನ ಮೂಲಕ. ಕಾರ್ಮಿಕ ಸಂಘ, ವಿದ್ಯಾರ್ಥಿ ಸಂಘ, ಪ್ರಾರ್ಥನಾ ಮಂದಿರ, ಮಹಿಳಾ ಸಂಘಟನೆ, ಆಟದ ಕ್ಲಬ್ಬು, ಹೀಗೆ. ಮೈಕು, ಸಭೆಗೆ ಜಾಗ, ಪ್ರಿಂಟರ್, ವಕೀಲರ ಪರಿಚಯ ಕೂಡ ಅಂಥ ಗುಂಪುಗಳ ಹತ್ತಿರವೇ ಇರುತ್ತದೆ. ಹಾಗಾಗಿ ಜೊತೆಗಾರರನ್ನು ಹುಡುಕುವುದು ಒಂದು ಕೆಲಸ, ಸಾಮಗ್ರಿ ಹೊಂದಿಸುವುದು ಇನ್ನೊಂದು ಕೆಲಸ ಅಂತ ಬೇರೆ ಬೇರೆ ಮಾಡಿಕೊಳ್ಳಬೇಡಿ. ಎರಡೂ ಒಂದೇ ಓಡಾಟದಲ್ಲಿ ಆಗುತ್ತವೆ.

ಮೊದಲು ಮಾಂಟ್‌ಗೊಮರಿಯ ಕಥೆ

1955ರ ಡಿಸೆಂಬರ್ 1, ಗುರುವಾರ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ನಗರದಲ್ಲಿ ಬಿಳಿಯ ಪ್ರಯಾಣಿಕನಿಗೆ ಬಸ್ಸಿನ ಸೀಟು ಬಿಟ್ಟುಕೊಡಲಿಲ್ಲ ಅಂತ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಅವರನ್ನು ಬಂಧಿಸಿದರು. ಈ ಭಾಗ ಎಲ್ಲರಿಗೂ ಗೊತ್ತು. ಆ ರಾತ್ರಿ ನಡೆದದ್ದು ಅಷ್ಟಾಗಿ ಗೊತ್ತಿಲ್ಲ. ಜೋ ಆನ್ ರಾಬಿನ್ಸನ್ ಎಂಬ ಅಧ್ಯಾಪಕಿ ತಾವು ಪಾಠ ಮಾಡುತ್ತಿದ್ದ ಕಾಲೇಜಿಗೇ ಹೋದರು. ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ಜೊತೆ ಸೇರಿ, ಅಲ್ಲಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಬೆಳಗಾಗುವುದರೊಳಗೆ ಹತ್ತಾರು ಸಾವಿರ ಕರಪತ್ರ ತೆಗೆದರು. ಸೋಮವಾರ ಯಾರೂ ಬಸ್ಸು ಹತ್ತಬೇಡಿ ಎಂಬುದಷ್ಟೇ ಅದರ ಸಾರ.

ಒಂದೇ ದಿನದಲ್ಲಿ ಅಷ್ಟು ಕರಪತ್ರ ಹಂಚಿದ್ದು ಹೇಗೆ? ರಾಬಿನ್ಸನ್ ಮುನ್ನಡೆಸುತ್ತಿದ್ದ ಮಹಿಳಾ ಮಂಡಳಿ ಮೊದಲೇ ಇತ್ತು. ಬಸ್ಸುಗಳಲ್ಲಿನ ಅವಮಾನದ ಬಗ್ಗೆ ಅವರು 1954ರ ಮೇ ತಿಂಗಳಲ್ಲೇ ಮೇಯರ್‌ಗೆ ಪತ್ರ ಬರೆದು, ಹೀಗೇ ಮುಂದುವರಿದರೆ ಬಹಿಷ್ಕಾರ ನಡೆಯಬಹುದು ಅಂತ ಎಚ್ಚರಿಸಿದ್ದರು. ಕರಪತ್ರ ಕೈಯಿಂದ ಕೈಗೆ ಹೋಗುವ ದಾರಿ ಸಿದ್ಧವಾಗಿತ್ತು. ಭಾನುವಾರ ಚರ್ಚುಗಳಲ್ಲಿ ಪಾದ್ರಿಗಳು ಅದೇ ಮಾತು ಹೇಳಿದರು. ಸೋಮವಾರ ಬಸ್ಸುಗಳು ಖಾಲಿ ಓಡಿದವು.

ಆಮೇಲೆ ಬಹಿಷ್ಕಾರ 381 ದಿನ ನಡೆಯಿತು. ಜನ ಕೆಲಸಕ್ಕೆ ಹೋಗಬೇಕಲ್ಲ? ಸುಮಾರು 300 ಕಾರುಗಳನ್ನು ಒಟ್ಟುಗೂಡಿಸಿ ಹಂಚಿಕೊಂಡು ಓಡಾಡುವ ವ್ಯವಸ್ಥೆ ಮಾಡಿದರು. ಅದನ್ನು ನಡೆಸುವ ವಿದ್ಯೆ ಬಂದದ್ದು ಲೂಸಿಯಾನಾದ ಬ್ಯಾಟನ್ ರೂಜ್ ನಗರದಿಂದ. ಅಲ್ಲಿ 1953ರಲ್ಲೇ ಇಂಥದ್ದೊಂದು ಬಹಿಷ್ಕಾರ ನಡೆದಿತ್ತು. ಕಾರುಗಳ ವಿಮೆ ರದ್ದಾದಾಗ ಲಂಡನ್ನಿನ ಲಾಯ್ಡ್ಸ್ ಮೂಲಕ ವಿಮೆ ಮಾಡಿಸಿದರು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಹೆಂಗಸರ ಗುಂಪು ಕಟ್ಟಿ, ತಿಂಡಿ ಮಾರಿ ವಾರವಾರ ಹಣ ತಂದು ಕೊಟ್ಟರು. ಆ ಗುಂಪಿಗೆ ಅವರು ಕೊಟ್ಟ ಹೆಸರು ‘ಎಲ್ಲಿಂದಲೂ ಬಾರದ ಕ್ಲಬ್’. ದುಡ್ಡು ಎಲ್ಲಿಂದ ಬಂತು ಅಂತ ಕೇಳಿದರೆ ‘ಎಲ್ಲಿಂದಲೂ ಇಲ್ಲ’ ಎನ್ನಬಹುದಿತ್ತು. ಕೊಟ್ಟವರ ಕೆಲಸಕ್ಕೆ ಕುತ್ತು ಬರುತ್ತಿರಲಿಲ್ಲ.

ಯಂತ್ರ, ಕಾರು, ವಿಮೆ, ತಿಂಡಿ, ಚರ್ಚಿನ ಭಾನುವಾರ. ನಿಮ್ಮ ಪ್ರತಿಭಟನೆ ಒಂದೇ ಮಧ್ಯಾಹ್ನದ್ದಾಗಿರಬಹುದು. ಆದರೂ ಹುಡುಕಬೇಕಾದ್ದು ಇಂಥವನ್ನೇ.

ಹೆಜ್ಜೆ 1: ಪೆಟ್ಟು ತಿಂದವರ ಜೊತೆ ಮಾತಾಡಿ

ಜೊತೆಗಾರರ ಪಟ್ಟಿ ಶುರುವಾಗುವುದು ಇಲ್ಲಿಂದ. ತಾರತಮ್ಯ ಅನುಭವಿಸಿದವರು, ಅವರ ಮನೆಯವರು, ಅವರ ಸಮುದಾಯದ ಸಂಘಗಳು. ಅವರನ್ನು ಕೇಳದೆ ಅವರ ಪರವಾಗಿ ಪ್ರತಿಭಟನೆ ಘೋಷಿಸುವವರು ಎಲ್ಲ ಕಡೆ ಇದ್ದಾರೆ. ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಮಾರನೇ ದಿನ ಕೆಲಸ ಕಳೆದುಕೊಳ್ಳುವವರು, ವೀಸಾ ಪ್ರಶ್ನೆ ಎದುರಿಸುವವರು ಬೇರೆಯವರು.

ಮೂರು ವಿಷಯ ಕೇಳಿ. ನಿಮಗೆ ಏನಾಗಬೇಕು? ಏನು ಆಗಲೇಬಾರದು? ಇದರಲ್ಲಿ ನೀವು ಎಷ್ಟು ಮುಂದೆ ನಿಲ್ಲಲು ಬಯಸುತ್ತೀರಿ? ಕೆಲವರು ವೇದಿಕೆ ಮೇಲೆ ಮಾತಾಡುತ್ತಾರೆ. ಕೆಲವರು ಹೆಸರೂ ಬೇಡ, ಫೋಟೋನೂ ಬೇಡ ಎನ್ನುತ್ತಾರೆ. ಎರಡಕ್ಕೂ ದಾರಿ ಇರಲಿ. ಹಲ್ಲೆಯ ವಿಡಿಯೋ ನಿಮ್ಮ ಕೈಗೆ ಸಿಕ್ಕಿದ್ದರೂ ಒಪ್ಪಿಗೆ ಇಲ್ಲದೆ ಹಂಚಬೇಡಿ.

ಸಮುದಾಯದ ಒಬ್ಬ ಹಿರಿಯರನ್ನು ಮಾತಾಡಿಸಿದರೆ ಇಡೀ ಸಮುದಾಯವನ್ನು ಕೇಳಿದಂತಾಯಿತು ಅಂದುಕೊಳ್ಳಬೇಡಿ. ಹೆಂಗಸರನ್ನು, ಯುವಕರನ್ನು ಬೇರೆಯಾಗಿ ಭೇಟಿ ಮಾಡಿ. ಅವರ ಅನುಭವ, ಅವರ ಭಯ ಎರಡೂ ಬೇರೆ ಇರುತ್ತವೆ. ಸದ್ಯಕ್ಕೆ ಬೀದಿ ಪ್ರತಿಭಟನೆ ಬೇಡ ಅಂತ ಅವರು ಹೇಳಿದರೆ ನಿಲ್ಲಿಸಿ. ಸಹಿ ಸಂಗ್ರಹ, ನಿಯೋಗ, ದೂರು ದಾಖಲಿಸಲು ನೆರವು, ಹೀಗೆ ಮಾಡಲು ಬೇರೆ ಕೆಲಸ ಬೇಕಾದಷ್ಟಿದೆ.

ಹೆಜ್ಜೆ 2: ಬೇಡಿಕೆ ಬರೆಯಿರಿ

‘ವರ್ಣಭೇದ ತೊಲಗಲಿ’ ಒಳ್ಳೆಯ ಘೋಷಣೆ. ಬೇಡಿಕೆ ಅಂದರೆ ಯಾರು, ಏನನ್ನು, ಯಾವಾಗಿನೊಳಗೆ ಮಾಡಬೇಕು ಎಂಬ ಒಂದು ವಾಕ್ಯ. ‘ಹಲ್ಲೆಯ ದೂರಿನ ತನಿಖೆಯ ವರದಿಯನ್ನು ಒಂದು ತಿಂಗಳೊಳಗೆ ಪ್ರಕಟಿಸಿ’ ಎಂಬುದು ಬೇಡಿಕೆ. ಇದು ಬರೆದಾದ ಮೇಲೆ ಜೊತೆಗಾರರು ತಾವಾಗಿಯೇ ಕಾಣಿಸತೊಡಗುತ್ತಾರೆ. ಶಾಲೆಯ ವಿಷಯವಾದರೆ ಶಿಕ್ಷಕರು, ಪೋಷಕರು. ಕೆಲಸದ ವಿಷಯವಾದರೆ ಕಾರ್ಮಿಕ ಸಂಘ. ಬಾಡಿಗೆಯದಾದರೆ ಬಾಡಿಗೆದಾರರ ಸಂಘ. ಪೊಲೀಸರ ನಡವಳಿಕೆಯದಾದರೆ ವಕೀಲರು, ಹಕ್ಕುಗಳ ಸಂಘಟನೆಗಳು.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1963ರಲ್ಲಿ ನಡೆದ ಬಸ್ ಬಹಿಷ್ಕಾರದ ಬೇಡಿಕೆ ಇಷ್ಟೇ ಸ್ಪಷ್ಟವಾಗಿತ್ತು. ಬಸ್ ಕಂಪನಿ ಬಿಳಿಯರಲ್ಲದವರನ್ನು ಕಂಡಕ್ಟರ್, ಚಾಲಕ ಕೆಲಸಕ್ಕೆ ತೆಗೆದುಕೊಳ್ಳಬೇಕು. ಗಯ್ ಬೇಲಿ ಎಂಬ ಯುವಕ ವೆಸ್ಟ್ ಇಂಡೀಸ್‌ನವನೆಂದು ತಿಳಿದ ತಕ್ಷಣ ಸಂದರ್ಶನವನ್ನೇ ರದ್ದು ಮಾಡಿದ್ದರು. ರಾಯ್ ಹ್ಯಾಕೆಟ್, ಓವನ್ ಹೆನ್ರಿ, ಪಾಲ್ ಸ್ಟೀಫನ್ಸನ್ ಮೊದಲಾದವರು ಏಪ್ರಿಲ್ ಕೊನೆಯಲ್ಲಿ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಮೇ 1ರಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೆರವಣಿಗೆ ಮಾಡಿದರು. ಆಗಸ್ಟ್ 28ಕ್ಕೆ ಕಂಪನಿ ನಿಷೇಧ ಕೈಬಿಟ್ಟಿತು.

ಇದೇ ಬ್ರಿಸ್ಟಲ್‌ನಲ್ಲಿ ಇನ್ನೊಂದು ಪಾಠವೂ ಇದೆ. ಬಸ್ ನೌಕರರ ಸಂಘದ ಸ್ಥಳೀಯ ಶಾಖೆ 1955ರಲ್ಲೇ ಬಿಳಿಯರಲ್ಲದವರು ಬಸ್ ಸಿಬ್ಬಂದಿಯಾಗಬಾರದು ಅಂತ ನಿರ್ಣಯ ಮಾಡಿತ್ತು. ಸಂಘದ ಮೇಲಿನವರು ವರ್ಣಭೇದ ವಿರೋಧಿ ಮಾತಾಡುತ್ತಿದ್ದರೂ ಕೆಳಗಿನ ಶಾಖೆ ಎದುರು ಪಾಳಯದಲ್ಲಿತ್ತು. ಬೋರ್ಡು ನೋಡಿ ಬೆಂಬಲ ಲೆಕ್ಕ ಹಾಕಬೇಡಿ.

ಹೆಜ್ಜೆ 3: ಯಾರ ಹತ್ತಿರ ಏನಿದೆ, ಪಟ್ಟಿ ಮಾಡಿ

ಎರಡು ಹಾಳೆ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಬೇಕಾದ್ದು ಎಲ್ಲವನ್ನೂ ಬರೆಯಿರಿ. ತಯಾರಿ ಸಭೆಗೆ ಜಾಗ. ಮೈಕು, ಜನರೇಟರ್ ಅಥವಾ ಬ್ಯಾಟರಿ. ಬಟ್ಟೆ, ಬಣ್ಣ, ಕೋಲು. ಕರಪತ್ರದ ಮುದ್ರಣ. ಕುಡಿಯುವ ನೀರು. ಶೌಚಾಲಯ. ಪ್ರಥಮ ಚಿಕಿತ್ಸೆ. ಅನುವಾದಕರು, ಸಂಜ್ಞಾ ಭಾಷೆ ಬಲ್ಲವರು. ಮಕ್ಕಳನ್ನು ನೋಡಿಕೊಳ್ಳುವವರು. ವಾಹನ. ವಕೀಲರು. ಮೆರವಣಿಗೆಯ ಶಿಸ್ತು ನೋಡುವ ಸ್ವಯಂಸೇವಕರು. ಫೋಟೋ ತೆಗೆಯುವವರು. ಇದರಲ್ಲಿ ಹಣ ಕೊಟ್ಟೇ ತರಬೇಕಾದ್ದು ತೀರಾ ಕಡಿಮೆ.

ಎರಡನೆಯ ಹಾಳೆಯಲ್ಲಿ ಐದು ಕಾಲಂ ಎಳೆಯಿರಿ. ಈಗಾಗಲೇ ಕೆಲಸ ಮಾಡುತ್ತಿರುವವರು, ಒಲವಿದ್ದರೂ ಸುಮ್ಮನಿರುವವರು, ಯಾವ ಕಡೆಯೂ ಇಲ್ಲದವರು, ಇರುಸುಮುರುಸು ಇರುವವರು, ಬಹಿರಂಗವಾಗಿ ವಿರೋಧಿಸುವವರು. ಊರಿನ ಗುಂಪುಗಳನ್ನು ಒಂದೊಂದಾಗಿ ಅದರಲ್ಲಿ ಕೂರಿಸಿ. ನಿಮ್ಮ ಸಮಯದ ಹೆಚ್ಚಿನ ಪಾಲು ಎರಡನೆಯ ಕಾಲಂಗೆ ಹೋಗಬೇಕು. ಕೊನೆಯ ಕಾಲಂನವರ ಜೊತೆ ಫೇಸ್‌ಬುಕ್‌ನಲ್ಲಿ ವಾದ ಮಾಡುತ್ತಾ ವಾರ ಕಳೆಯುವವರನ್ನು ಎಲ್ಲ ಕಡೆ ನೋಡುತ್ತೇವೆ. ಅದರಿಂದ ಒಂದು ಕುರ್ಚಿಯೂ ಬರುವುದಿಲ್ಲ.

ಪ್ರತಿ ಸಂಘದ ಹೆಸರಿನ ಪಕ್ಕ ಒಬ್ಬ ವ್ಯಕ್ತಿಯ ಹೆಸರು, ಅವರನ್ನು ಬಲ್ಲ ನಿಮ್ಮವರೊಬ್ಬರ ಹೆಸರು ಬರೆಯಿರಿ. ಈ ಎರಡು ಹೆಸರಿಲ್ಲದ ಸಾಲು ಇನ್ನೂ ಖಾಲಿ ಅಂತಲೇ ಲೆಕ್ಕ.

ಈಗ ಯಾರಲ್ಲಿ ಏನು ಸಿಗಬಹುದು ನೋಡೋಣ. ಕಾರ್ಮಿಕ ಸಂಘಗಳ ಹತ್ತಿರ ಮೈಕು, ಬ್ಯಾನರಿನ ಕೋಲು, ಮೆರವಣಿಗೆ ನಡೆಸಿದ ಅನುಭವ ಇರುತ್ತದೆ. ಮುಷ್ಕರದಲ್ಲಿ ಪಳಗಿದ ಒಬ್ಬ ಹಿರಿಯ ಕಾರ್ಮಿಕ ನಿಮಗೆ ಒಂದು ಗಂಟೆಯಲ್ಲಿ ಹೇಳಿಕೊಡುವುದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ವಿದ್ಯಾರ್ಥಿ ಸಂಘಗಳಲ್ಲಿ ಕೈಗಳು ಜಾಸ್ತಿ, ಕೊಠಡಿಗಳೂ ಸಿಗುತ್ತವೆ. ಆದರೆ ಪರೀಕ್ಷೆಯ ದಿನಗಳಲ್ಲಿ ಯಾರೂ ಸಿಗುವುದಿಲ್ಲ, ದಿನಾಂಕ ನೋಡಿಕೊಳ್ಳಿ. ಧಾರ್ಮಿಕ ಸಂಸ್ಥೆಗಳಲ್ಲಿ ಸಭಾಂಗಣ, ಶೌಚಾಲಯ, ಅಡುಗೆಮನೆ, ವಾಹನ ನಿಲ್ಲಿಸಲು ಜಾಗ ಇರುತ್ತದೆ. ಅದಕ್ಕಿಂತ ದೊಡ್ಡದು, ವಾರಕ್ಕೊಮ್ಮೆ ಒಟ್ಟಿಗೆ ಕೂರುವ ಜನ ಇರುತ್ತಾರೆ. ಮಾಂಟ್‌ಗೊಮರಿಯಲ್ಲಿ ಕೆಲಸ ಮಾಡಿದ್ದು ಅದೇ.

ಅಂಗವಿಕಲರ ಸಂಘಟನೆಗಳನ್ನು ಬಹಳ ಜನ ಕೊನೆಯ ಗಳಿಗೆಯಲ್ಲಿ ನೆನಪಿಸಿಕೊಳ್ಳುತ್ತಾರೆ. ಶುರುವಿನಲ್ಲೇ ಕರೆಯಿರಿ. ಯಾವ ದಾರಿಯಲ್ಲಿ ಗಾಲಿಕುರ್ಚಿ ಹೋಗುತ್ತದೆ, ಎಲ್ಲಿ ಕುಳಿತುಕೊಳ್ಳಲು ಜಾಗ ಬೇಕು ಎಂಬುದು ಅವರಿಗೆ ಗೊತ್ತು. ಆ ದಾರಿ ವಯಸ್ಸಾದವರಿಗೂ, ಮಗು ಎತ್ತಿಕೊಂಡು ಬಂದವರಿಗೂ ಸುಲಭವಾಗುತ್ತದೆ. ವಲಸಿಗರ ಸಂಘಗಳಿಂದ ಅನುವಾದ ಸಿಗುತ್ತದೆ. ದಾದಿಯರು, ವೈದ್ಯ ವಿದ್ಯಾರ್ಥಿಗಳು ಪ್ರಥಮ ಚಿಕಿತ್ಸೆಗೆ ಬರುತ್ತಾರೆ. ಗ್ರಂಥಾಲಯದಲ್ಲಿ ಸಭೆಗೆ ಜಾಗವೂ ಸಿಗಬಹುದು, ನಿಮ್ಮ ಊರಿನಲ್ಲಿ ಹಿಂದೆ ಇಂಥ ಹೋರಾಟ ಯಾರು ಮಾಡಿದ್ದರು ಎಂಬ ಹಳೆಯ ಪತ್ರಿಕೆಗಳೂ ಸಿಗಬಹುದು. ಆ ಹಳಬರು ಇನ್ನೂ ಇದ್ದರೆ ಮೊದಲು ಅವರ ಮನೆಗೆ ಹೋಗಿ.

ಕಲಾವಿದರನ್ನು ಬರೀ ಹಾಡಿಗೆ ಕರೆಯಬೇಡಿ. 1976ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ‘ರಾಕ್ ಅಗೇನ್ಸ್ಟ್ ರೇಸಿಸಂ’ (ವರ್ಣಭೇದದ ವಿರುದ್ಧ ರಾಕ್ ಸಂಗೀತ) ಚಳವಳಿ ಸಭೆ, ಭಾಷಣ ಅಂದರೆ ಹತ್ತಿರ ಸುಳಿಯದ ಯುವಕರನ್ನು ತಂದಿತು. 1978ರ ಏಪ್ರಿಲ್ 30ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕಿನವರೆಗೆ ಹತ್ತಾರು ಸಾವಿರ ಜನ ನಡೆದರು, ಕೊನೆಯಲ್ಲಿ ಸಂಗೀತ ಕಛೇರಿ.

ಕೆಲವು ಗುಂಪುಗಳ ಹತ್ತಿರ ಇನ್ಯಾರ ಹತ್ತಿರವೂ ಇಲ್ಲದ್ದು ಇರುತ್ತದೆ. 1976ರಲ್ಲಿ ಲಂಡನ್ನಿನ ಗ್ರನ್ವಿಕ್ ಫೋಟೋ ಸಂಸ್ಕರಣಾ ಕಾರ್ಖಾನೆಯಲ್ಲಿ ಜಯಾಬೆನ್ ದೇಸಾಯಿ ಮುಂದಾಳತ್ವದಲ್ಲಿ ಮುಷ್ಕರ ಶುರುವಾಯಿತು. ಹೆಚ್ಚಿನವರು ದಕ್ಷಿಣ ಏಷ್ಯಾ ಮೂಲದ ಮಹಿಳೆಯರು. ಕಾರ್ಖಾನೆಯ ವ್ಯಾಪಾರ ನಡೆಯುತ್ತಿದ್ದದ್ದು ಅಂಚೆಯ ಮೂಲಕ. ಕ್ರಿಕಲ್‌ವುಡ್ ಅಂಚೆ ಕಚೇರಿಯ ನೌಕರರು ಆ ಕಾರ್ಖಾನೆಯ ಅಂಚೆಯನ್ನು ಮುಟ್ಟುವುದಿಲ್ಲ ಅಂದರು. ಮುಷ್ಕರ ಕೊನೆಗೆ ಗೆಲ್ಲಲಿಲ್ಲ, ನಿಜ. ಆದರೆ ಆ ಕಾರ್ಖಾನೆಗೆ ತಟ್ಟಿದ ಬಿಸಿ ಎಷ್ಟೋ ಘೋಷಣೆಗಳಿಂದಲೂ ಆಗುತ್ತಿರಲಿಲ್ಲ. ನಿಮ್ಮ ಬೇಡಿಕೆ ಯಾರನ್ನು ಕುರಿತದ್ದೋ ಅವರ ದಿನನಿತ್ಯದ ಕೆಲಸ ಯಾರ ಕೈಯಲ್ಲಿ ನಡೆಯುತ್ತದೆ ಎಂಬ ಪ್ರಶ್ನೆ ಒಮ್ಮೆ ಹಾಕಿಕೊಳ್ಳಿ.

ಹೆಜ್ಜೆ 4: ಹೋಗಿ ಕೇಳಿ

ಎಲ್ಲರಿಗೂ ಒಂದೇ ಸಂದೇಶ ಕಳಿಸಿದರೆ ಯಾರೂ ತಮಗೆ ಬಂದದ್ದು ಅಂದುಕೊಳ್ಳುವುದಿಲ್ಲ. ಒಬ್ಬೊಬ್ಬರನ್ನೇ ಭೇಟಿ ಮಾಡಿ. ಅರ್ಧ ಗಂಟೆ ಸಾಕು. ಅದರಲ್ಲಿ ಅರ್ಧ ಸಮಯ ಅವರು ಮಾತಾಡಲಿ. ಅವರ ಸಂಘ ಈಗ ಏನು ಮಾಡುತ್ತಿದೆ, ಈ ವಿಷಯದಲ್ಲಿ ಅವರ ಸದಸ್ಯರಿಗೆ ಏನನ್ನಿಸುತ್ತಿದೆ, ಅವರಿಗೆ ಇರುವ ತೊಡಕು ಏನು. ಆಮೇಲೆ ನಿಮ್ಮ ಕೋರಿಕೆ ಹೇಳಿ.

ಕೋರಿಕೆ ಚಿಕ್ಕದಿರಲಿ, ಗುರಿ ಸ್ಪಷ್ಟವಿರಲಿ. ‘ನಿಮ್ಮ ಬೆಂಬಲ ಬೇಕು’ ಎಂದರೆ ‘ಖಂಡಿತ ಇದೆ’ ಎನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು ಹೀಗೆ ಬರೆಯಬಹುದು:

‘ನಮಸ್ಕಾರ. ಕಳೆದ ತಿಂಗಳು ನಡೆದ ಹಲ್ಲೆಯ ಬಗ್ಗೆ, ಆ ಕುಟುಂಬದವರ ಒಪ್ಪಿಗೆಯೊಂದಿಗೆ, ಭಾನುವಾರ ಸಂಜೆ 4 ಗಂಟೆಗೆ ಶಾಂತಿಯುತ ಪ್ರತಿಭಟನೆ ಮಾಡುತ್ತಿದ್ದೇವೆ. ತನಿಖಾ ವರದಿ ಹೊರಬರಬೇಕು ಎಂಬುದು ನಮ್ಮ ಬೇಡಿಕೆ. ಶಿಕ್ಷಕರ ಸಂಘ ಮತ್ತು ವಿದ್ಯಾರ್ಥಿ ಸಂಘ ಜೊತೆಗಿವೆ. ನಿಮ್ಮ ಸಂಘದ ಮೈಕ್ ಸೆಟ್ ಅಂದು 3ರಿಂದ 6ರವರೆಗೆ ಕೊಡಲು ಸಾಧ್ಯವೇ? ತರುವುದು, ಹಿಂತಿರುಗಿಸುವುದು ನಮ್ಮ ಜವಾಬ್ದಾರಿ. ಬುಧವಾರದೊಳಗೆ ತಿಳಿಸಿದರೆ ಅನುಕೂಲ.’

ಇದರಲ್ಲಿ ಯಾರ ಒಪ್ಪಿಗೆ ಇದೆ, ಯಾರು ಜೊತೆಗಿದ್ದಾರೆ, ಏನು ಬೇಕು, ಯಾವಾಗ ವಾಪಸ್ಸು, ಉತ್ತರ ಎಂದು ಬೇಕು, ಎಲ್ಲವೂ ಇದೆ. ಜೊತೆಗಿರುವವರ ಹೆಸರು ನಿಜವಾಗಿಯೂ ಒಪ್ಪಿದವರದೇ ಆಗಿರಬೇಕು, ಅದನ್ನು ಬೇರೆ ಹೇಳಬೇಕಿಲ್ಲ.

ಯಾರನ್ನು ಮೊದಲು ಕೇಳಬೇಕು ಎಂಬುದೂ ಮುಖ್ಯ. ಊರಿನಲ್ಲಿ ಉಳಿದವರು ಯಾರ ಮಾತಿಗೆ ಬೆಲೆ ಕೊಡುತ್ತಾರೋ ಅವರಿಂದ ಶುರು ಮಾಡಿ. ಅವರು ಒಪ್ಪಿದರೆ ಮುಂದಿನ ಹತ್ತು ಬಾಗಿಲು ಅರ್ಧ ತೆರೆದೇ ಇರುತ್ತವೆ. ಸಂಘಗಳು ತೀರ್ಮಾನ ಮಾಡುವುದು ಸಭೆಯಲ್ಲಿ. ಆ ಸಭೆ ತಿಂಗಳಿಗೊಮ್ಮೆ ಇರಬಹುದು. ‘ನಿಮ್ಮ ಮುಂದಿನ ಸಭೆ ಯಾವಾಗ? ಐದು ನಿಮಿಷ ಮಾತಾಡಲು ಬಿಡುತ್ತೀರಾ?’ ಎಂಬುದು ನಿಮ್ಮ ಮೊದಲ ಪ್ರಶ್ನೆಗಳಲ್ಲೊಂದಾಗಲಿ. ಪ್ರತಿಭಟನೆಗೆ ಮೂರು ದಿನ ಇರುವಾಗ ಸಂಘದ ಅಧಿಕೃತ ಒಪ್ಪಿಗೆ ಕೇಳಿದರೆ ಅವರು ಮನಸ್ಸಿದ್ದರೂ ಏನೂ ಮಾಡಲಾರರು.

ಆಗುವುದಿಲ್ಲ ಅಂದವರನ್ನು ಬಿಟ್ಟು ಬರುವ ಮುನ್ನ ‘ಇದಕ್ಕೆ ಇನ್ಯಾರನ್ನು ಕೇಳಬಹುದು?’ ಅಂತ ಕೇಳಿ. ಸಂಘದ ಹೆಸರು ಹಾಕಲು ಹಿಂಜರಿಯುವವರು ಹೆಸರಿಲ್ಲದೆ ನೀರಿನ ಬಾಟಲಿ ಕೊಡಬಹುದು, ಕೊಡಲಿ. ಜಾರ್ಜಿಯಾ ಗಿಲ್ಮೋರ್ ಗುಂಪಿಗೆ ಹಣ ಕೊಟ್ಟವರಲ್ಲೂ ಹೆಸರು ಹೇಳಲಾಗದವರು ಇದ್ದರು.

ಮತ್ತೆ, ಬರುವವರೆಲ್ಲ ವಿಷಯವನ್ನು ಪೂರಾ ಅರಿತು ಬರಬೇಕು ಅಂತ ಹಟ ಬೇಡ. 1984ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಡನ್ಸ್ ಅಂಗಡಿಯಲ್ಲಿ ಮೇರಿ ಮ್ಯಾನಿಂಗ್ ಎಂಬ ಯುವತಿ ದಕ್ಷಿಣ ಆಫ್ರಿಕಾದ ಹಣ್ಣಿಗೆ ಬಿಲ್ ಹಾಕಲು ಒಪ್ಪಲಿಲ್ಲ. ತಮ್ಮ ಸಂಘದ ನಿರ್ಣಯ ಪಾಲಿಸಿದ್ದರು, ಅಷ್ಟೇ. ಆಗ ಅವರಿಗೂ ಅವರ ಜೊತೆ ಮುಷ್ಕರಕ್ಕೆ ಹೊರಬಂದವರಿಗೂ ಅಪಾರ್ಥೀಡ್ (ದಕ್ಷಿಣ ಆಫ್ರಿಕಾ ಸರ್ಕಾರದ ವರ್ಣಭೇದ ನೀತಿ) ಬಗ್ಗೆ ಹೆಚ್ಚು ಗೊತ್ತಿರಲಿಲ್ಲ. ದಕ್ಷಿಣ ಆಫ್ರಿಕಾದಿಂದ ದೇಶಭ್ರಷ್ಟರಾಗಿ ಬಂದಿದ್ದ ನಿಮ್ರಾಡ್ ಸೆಜಾಕೆ ಎಂಬವರು ಈ ಮುಷ್ಕರಗಾರರ ಜೊತೆ ಅಂಗಡಿಯ ಮುಂದೆ ನಿಂತು ತಿಳಿಸಿಹೇಳಿದರು. ಮುಷ್ಕರ ಎರಡೂವರೆ ವರ್ಷ ದಾಟಿತು. 1987ರಲ್ಲಿ ಐರ್ಲೆಂಡ್ ಸರ್ಕಾರವೇ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿ ಆಮದು ನಿಷೇಧಿಸಿತು.

ಹೆಜ್ಜೆ 5: ಒಂದು ಪುಟದ ಒಪ್ಪಂದ

ಮೂರ್ನಾಲ್ಕು ಸಂಘ ಸೇರಿದ ಕೂಡಲೇ ಒಂದು ಪುಟ ಬರೆದು ಎಲ್ಲರಿಂದ ಒಪ್ಪಿಗೆ ಪಡೆಯಿರಿ. ಬೇಡಿಕೆ ಏನು? ವೇದಿಕೆಯಲ್ಲಿ ಯಾರು, ಎಷ್ಟು ನಿಮಿಷ? ಪತ್ರಕರ್ತರ ಜೊತೆ ಮಾತಾಡುವವರು ಯಾರು? ಪಕ್ಷದ ಬಾವುಟ ಇರಬಹುದೇ? ಯಾರಾದರೂ ಕೆಣಕಿದರೆ ನಮ್ಮ ನಡೆ ಏನು? ಕೊನೆ ಗಳಿಗೆಯಲ್ಲಿ ಯೋಜನೆ ಬದಲಿಸಬೇಕಾದರೆ ತೀರ್ಮಾನ ಯಾರದು?

ಜಗಳ ಬರುವುದು ಬಹುಪಾಲು ಬಾವುಟ ಮತ್ತು ಮೈಕಿನ ವಿಷಯಕ್ಕೆ. ದೊಡ್ಡ ಸಂಘ ಹೆಚ್ಚು ಜನರನ್ನು ತಂದದ್ದಕ್ಕೆ ಹೆಚ್ಚು ಮಾತು ಕೇಳುತ್ತದೆ. ನನ್ನ ಪ್ರಕಾರ ಮೊದಲ ಮಾತೂ ಕೊನೆಯ ಮಾತೂ ತಾರತಮ್ಯ ಅನುಭವಿಸಿದವರದೇ ಆಗಿರಬೇಕು, ಉಳಿದವರು ನಡುವೆ ಚಿಕ್ಕದಾಗಿ ಮಾತಾಡಲಿ. ಪಕ್ಷದ ಬಾವುಟ ಬೇಡ ಎಂಬುದೂ ನನ್ನ ಒಲವು, ಆದರೆ ಅದು ಊರಿಂದೂರಿಗೆ ಬದಲಾಗುತ್ತದೆ. ಏನೇ ತೀರ್ಮಾನವಾಗಲಿ, ಮೊದಲೇ ಬರೆದಿಡಿ.

ಇನ್ನೊಂದು ಕಷ್ಟದ ವಿಷಯ. ನಿಮ್ಮ ಬೇಡಿಕೆ ಒಪ್ಪುವ, ಆದರೆ ಇನ್ನೊಂದು ಸಮುದಾಯದ ಬಗ್ಗೆ ದ್ವೇಷ ಹರಡುವ ಗುಂಪು ಜೊತೆಗೆ ಬರುತ್ತೇವೆ ಅಂದರೆ? ಜನರ ಸಂಖ್ಯೆ ಕಡಿಮೆಯಾದರೂ ಪರವಾಗಿಲ್ಲ, ಬೇಡ ಅನ್ನಿ. ಅವರು ಬಂದರೆ ಬರಬೇಕಾದ ಇನ್ಯಾರೋ ಬರುವುದಿಲ್ಲ.

ಹೆಜ್ಜೆ 6: ಹಣ

ಎರವಲು ಸಿಕ್ಕಿದ್ದನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿದ ಮೇಲೆ ಉಳಿದದ್ದಕ್ಕೆ ಮಾತ್ರ ಹಣ ಬೇಕು. ಸಾಮಾನ್ಯವಾಗಿ ಮುದ್ರಣ, ಬ್ಯಾಟರಿ, ಬಟ್ಟೆ ಬಣ್ಣ, ಅಕಸ್ಮಾತ್ ಬೇಕಾದರೆ ಅಂತ ಕಾನೂನು ನೆರವಿನ ಸಣ್ಣ ನಿಧಿ. ‘ಚಂದಾ ಕೊಡಿ’ ಅನ್ನುವುದಕ್ಕಿಂತ ‘ಕರಪತ್ರದ ಖರ್ಚು ನಿಮ್ಮದು’ ಅಂದರೆ ಬೇಗ ಸಿಗುತ್ತದೆ. ಕಪ್ಪು ಜನರ ಉದ್ಯೋಗ, ಸ್ವಾತಂತ್ರ್ಯಕ್ಕಾಗಿ 1963ರಲ್ಲಿ ಅಮೆರಿಕದ ರಾಜಧಾನಿಯಲ್ಲಿ ನಡೆದ ವಾಷಿಂಗ್ಟನ್ ಮೆರವಣಿಗೆಗೆ ಹಣ ಕೂಡಿದ ದಾರಿಗಳಲ್ಲಿ ಒಂದು, 25 ಸೆಂಟಿಗೆ ಮಾರಿದ ಎದೆಯ ಬ್ಯಾಡ್ಜು. ಕೊಂಡವರು ಅದನ್ನು ಹಾಕಿಕೊಂಡು ತಿರುಗಾಡಿದರು, ಪ್ರಚಾರವೂ ಆಯಿತು.

ಹಣ ಇಡಲು ಒಬ್ಬರ ಸ್ವಂತ ಖಾತೆ ಬಳಸಬೇಡಿ. ಜೊತೆಗಿರುವ ಯಾವುದಾದರೂ ನೋಂದಾಯಿತ ಸಂಘದ ಖಾತೆ ಮೂಲಕ ನಡೆಸಿ. ಪ್ರತಿ ಖರ್ಚಿಗೂ ಇಬ್ಬರ ಒಪ್ಪಿಗೆ ಇರಲಿ, ರಸೀದಿ ಇರಲಿ. ಇದು ನಂಬಿಕೆಯ ಪ್ರಶ್ನೆಗಿಂತ ಆಮೇಲೆ ಎದುರಾಳಿಗಳು ಎತ್ತುವ ಪ್ರಶ್ನೆ. ‘ಹಣ ಕೊಡುತ್ತೇವೆ, ನಮ್ಮ ಹೆಸರು ದೊಡ್ಡದಾಗಿ ಹಾಕಿ, ಆ ಒಂದು ಬೇಡಿಕೆ ಬಿಡಿ’ ಅನ್ನುವ ದಾನಿಗೆ ಧನ್ಯವಾದ ಹೇಳಿ ಎದ್ದು ಬನ್ನಿ.

ಹೆಜ್ಜೆ 7: ಕಾನೂನು

ಶಾಂತಿಯುತವಾಗಿ ಸೇರುವುದು ಹಕ್ಕು. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 21ನೇ ವಿಧಿ ಅದನ್ನು ಹೇಳುತ್ತದೆ. ಸರ್ಕಾರದಿಂದ ಅನುಮತಿ ಬೇಡಬೇಕಾಗುವುದು ಈ ಹಕ್ಕಿನ ಮೂಲ ಆಶಯವನ್ನೇ ಕುಗ್ಗಿಸುತ್ತದೆ ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2020ರಲ್ಲಿ ಸ್ಪಷ್ಟಪಡಿಸಿದೆ. ಆದರೆ ನಿಮ್ಮ ಊರಿನ ನಿಯಮ ಬೇರೆಯೇ ಇರಬಹುದು. ಕೆಲವು ಕಡೆ ಮುಂಚಿತವಾಗಿ ತಿಳಿಸಿದರೆ ಸಾಕು, ಕೆಲವು ಕಡೆ ಅನುಮತಿ ಪತ್ರವೇ ಬೇಕು. ಮೈಕಿಗೆ, ರಸ್ತೆ ಬಳಕೆಗೆ, ಉದ್ಯಾನಕ್ಕೆ ಬೇರೆ ಬೇರೆ ಕಚೇರಿ ಇರಬಹುದು. ಸ್ಥಳೀಯ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಕಚೇರಿಗೆ ಇಬ್ಬರು ಹೋಗಿ, ಅರ್ಜಿಯ ಸ್ವೀಕೃತಿ ಪಡೆಯಿರಿ, ಬಾಯಿಮಾತಿನ ಒಪ್ಪಿಗೆಯನ್ನು ಅದೇ ದಿನ ಪತ್ರದಲ್ಲಿ ಖಚಿತಪಡಿಸಿಕೊಳ್ಳಿ.

ವಕೀಲರಿಂದ ಇನ್ನೊಂದು ನೆರವು ಕೇಳಬಹುದು. ಪ್ರತಿಭಟನೆಯಲ್ಲಿ ಭಾಗವಹಿಸದೆ, ಪಕ್ಕದಲ್ಲಿ ನಿಂತು ಪೊಲೀಸರ ನಡೆಯನ್ನು ಬರೆದುಕೊಳ್ಳುವ ವೀಕ್ಷಕರು. ಅಮೆರಿಕದ ನ್ಯಾಷನಲ್ ಲಾಯರ್ಸ್ ಗಿಲ್ಡ್ 1968ರಿಂದ ಇಂಥ ವೀಕ್ಷಕರನ್ನು ಕಳಿಸುತ್ತಿದೆ. ಕಾನೂನು ವಿದ್ಯಾರ್ಥಿಗಳು ತರಬೇತಿ ಪಡೆದು ಈ ಕೆಲಸ ಮಾಡಬಲ್ಲರು. ವಕೀಲರ ಫೋನ್ ನಂಬರನ್ನು ಎಲ್ಲರೂ ಕೈಮೇಲೆ ಅಳಿಸದ ಶಾಯಿಯಲ್ಲಿ ಬರೆದುಕೊಳ್ಳಲಿ. ಫೋನು ಕೈತಪ್ಪಿದರೂ ನಂಬರ್ ಇರುತ್ತದೆ. ವಲಸೆ ದಾಖಲೆಗಳ ತೊಡಕಿರುವವರಿಗೆ ಅಪಾಯ ಎಷ್ಟೆಂದು ಮೊದಲೇ ತಿಳಿಸಿ, ಬೀದಿಗೆ ಬರಲೇಬೇಕಿಲ್ಲದ ಕೆಲಸ ಕೊಡಿ.

ಹೆಜ್ಜೆ 8: ಆ ದಿನಕ್ಕೆ ಜನರನ್ನು ಹಂಚಿ

ವಾಷಿಂಗ್ಟನ್ ಮೆರವಣಿಗೆಗೆ ಸುಮಾರು 2,50,000 ಜನ ಬಂದರು. ಅದನ್ನು ಕಟ್ಟಿದ ಬೇಯರ್ಡ್ ರಸ್ಟಿನ್‌ಗೆ ಸಿಕ್ಕ ಸಮಯ ಸುಮಾರು ಎರಡು ತಿಂಗಳು. ಶೌಚಾಲಯ, ನೀರು, ಪ್ರಥಮ ಚಿಕಿತ್ಸೆ, ಬಸ್ಸು ನಿಲ್ಲುವ ಜಾಗ, ಎಲ್ಲವನ್ನೂ ಕೂತು ಲೆಕ್ಕ ಹಾಕಿದರು. ಶಿಸ್ತು ನೋಡಲು ಕೆಲಸದ ಹೊತ್ತು ಮುಗಿಸಿ ಬಂದ ಕಪ್ಪು ಪೊಲೀಸರನ್ನು ಸೇರಿಸಿಕೊಂಡು, ಆಯುಧವಿಲ್ಲದೆ ಜನರನ್ನು ನಿಭಾಯಿಸುವ ತರಬೇತಿ ಕೊಟ್ಟರು. ಒಳ್ಳೆಯ ಧ್ವನಿವರ್ಧಕಕ್ಕೆ ಕಾರ್ಮಿಕ ಸಂಘಗಳು ಹಣ ಕೊಟ್ಟವು. ಹಿಂದಿನ ದಿನ ಅದನ್ನು ಯಾರೋ ಹಾಳುಗೆಡವಿದಾಗ ಸೇನೆಯ ತಂತ್ರಜ್ಞರು ರಾತ್ರಿಯಿಡೀ ಕೂತು ಸರಿಪಡಿಸಬೇಕಾಯಿತು. ನಿಮಗೆ ಸೇನೆ ಬರುವುದಿಲ್ಲ, ಒಂದು ಕೈಮೈಕು ಹೆಚ್ಚಿಗೆ ಇಟ್ಟುಕೊಳ್ಳಿ.

ಸ್ವಯಂಸೇವಕರಿಗೆ ಒಂದು ಸಂಜೆಯ ತಾಲೀಮು ಬೇಕೇ ಬೇಕು. ಯಾರೋ ಬೈಯುತ್ತಾ ನುಗ್ಗಿದಂತೆ ಒಬ್ಬರು ನಟಿಸಲಿ, ಉಳಿದವರು ಕೈಮಾಡದೆ, ಮಾತಿಗೆ ಮಾತು ಬೆಳೆಸದೆ ನಡುವೆ ಅಡ್ಡ ನಿಲ್ಲುವುದನ್ನು ಅಭ್ಯಾಸ ಮಾಡಲಿ. ಅಮೆರಿಕದಲ್ಲಿ ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕೌಂಟರುಗಳಲ್ಲಿ 1960ರಲ್ಲಿ ನಡೆದ ಧರಣಿಗಳಿಗೆ ಮೊದಲು ನ್ಯಾಶ್‌ವಿಲ್‌ನಲ್ಲಿ ಜೇಮ್ಸ್ ಲಾಸನ್ ವಿದ್ಯಾರ್ಥಿಗಳಿಗೆ ತಿಂಗಳುಗಟ್ಟಲೆ ಹೀಗೇ ತಾಲೀಮು ಕೊಟ್ಟಿದ್ದರು.

ಫೋನಿನಲ್ಲಿ ಮುಖ, ಬೆರಳಿನ ಲಾಕ್ ತೆಗೆದು ಸಂಖ್ಯೆಯ ಲಾಕ್ ಹಾಕಿ. ಗುಂಪಿನ ಫೋಟೋ ಹಾಕುವ ಮುನ್ನ ಮುಖಗಳನ್ನು ಮಸುಕು ಮಾಡಿ. ಸಿಗ್ನಲ್ ಆ್ಯಪ್‌ನಲ್ಲೇ ಅದಕ್ಕೆ ಸೌಲಭ್ಯ ಇದೆ.

ಹೆಜ್ಜೆ 9: ಈಗ ಪೋಸ್ಟರ್

ಜೊತೆಗಾರರು ಸಿದ್ಧರಾದ ಮೇಲೆ ಪ್ರಚಾರ ಸುಲಭ. ಸಮಯ, ಜಾಗ, ಬೇಡಿಕೆ ಮೂರು ಒಂದೇ ಇರಲಿ. ಉಳಿದದ್ದನ್ನು ಪ್ರತಿ ಸಂಘ ತನ್ನ ಸದಸ್ಯರ ಭಾಷೆಯಲ್ಲಿ, ತನ್ನದೇ ರೀತಿಯಲ್ಲಿ ಮಾಡಿಕೊಳ್ಳಲಿ. ಪ್ರತಿ ಸಂಘಕ್ಕೂ ಎಷ್ಟು ಜನರನ್ನು ತರುತ್ತೀರಿ ಅಂತ ಕೇಳಿ ಬರೆದುಕೊಳ್ಳಿ, ಎರಡು ದಿನ ಮೊದಲು ಮತ್ತೆ ಫೋನ್ ಮಾಡಿ. ದಿನಾಂಕ ಇನ್ನೂ ನಿಮ್ಮ ಕೈಯಲ್ಲಿದ್ದರೆ ಮಾರ್ಚ್ 21 ನೋಡಿ. 1960ರಲ್ಲಿ ಅದೇ ದಿನ ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿ 69 ಜನರನ್ನು ಕೊಂದರು. ಈಗ ಅದು ಜನಾಂಗೀಯ ತಾರತಮ್ಯ ನಿವಾರಣೆಯ ಅಂತರರಾಷ್ಟ್ರೀಯ ದಿನ ಆದ್ದರಿಂದ ಪತ್ರಿಕೆಗಳಲ್ಲಿ ಜಾಗ ಸಿಗುವ ಸಾಧ್ಯತೆ ಜಾಸ್ತಿ.

ಹೆಜ್ಜೆ 10: ಮುಗಿದ ಮೇಲಿನ ಎರಡು ದಿನ

ಮೈಕು, ಕುರ್ಚಿ, ಕೋಲು ಮಾರನೇ ದಿನವೇ ವಾಪಸ್ಸು ಮಾಡಿ. ಮುರಿದದ್ದಿದ್ದರೆ ನೀವೇ ಹೇಳಿ, ರಿಪೇರಿ ಮಾಡಿಸಿಕೊಡಿ. ಯಾರಾದರೂ ಬಂಧನದಲ್ಲಿದ್ದರೆ ಅವರು ಮನೆ ಸೇರುವವರೆಗೆ ಒಬ್ಬರು ಫೋನಿನ ಹತ್ತಿರವೇ ಇರಬೇಕು. ನೆರವು ಕೊಟ್ಟ ಪ್ರತಿಯೊಬ್ಬರಿಗೂ ಫೋನ್ ಮಾಡಿ, ಬೇಡಿಕೆ ಎಲ್ಲಿಗೆ ಬಂತು ಅಂತ ತಿಳಿಸಿ. ಹೆಸರು ಬೇಡ ಅಂದ ದಾನಿಗಳ ಹೆಸರು ಬಿಟ್ಟು, ಬಂದ ಹಣ, ಆದ ಖರ್ಚು ಎರಡನ್ನೂ ಎಲ್ಲ ಸಂಘಗಳಿಗೆ ಕಳಿಸಿ. ಅಂದು ಹೊಸದಾಗಿ ಬಂದು ಹೆಸರು ಕೊಟ್ಟವರಿಗೆ ಒಂದು ವಾರದೊಳಗೆ ಏನಾದರೂ ಕೆಲಸ ಹೇಳಿ, ತಡವಾದರೆ ಅವರು ಮತ್ತೆ ಸಿಗುವುದು ಕಷ್ಟ. ಮುಂದಿನ ಸಭೆಯ ದಿನಾಂಕ ಆ ಮೊದಲ ಫೋನಿನಲ್ಲೇ ಹೇಳಿಬಿಡಿ.